ನಮ್ಮೂರ ಕುಂಟೆಯ ಚರಿತ್ರೆ ಬರೆದಿದ್ದು ಹೀಗೆ

ಕೋಲಾರದ ಕಡೆ ಕೆರೆ ಬೇರೆ, ಕುಂಟೆ ಬೇರೆ. ಕೆರೆಗೆ ತೂಬು, ಕೋಡಿ, ಅಚ್ಚುಕಟ್ಟು, ನೀರು ಬಿಡೋಕೆ ನೀರಗಂಟಿ. ನಮ್ಮ ಕುಂಟೆಗೆ ಇದ್ಯಾವುದೂ ಇಲ್ಲ. ದನ ಕುಡಿಯೋಕೆ, ಬಟ್ಟೆ ಒಗೆಯೋಕೆ ನಿಂತ ಮಳೆನೀರು, ಅಷ್ಟೆ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಬಿಟ್ಟದ್ದು, ಜಿಲ್ಲೆಯ ಎಷ್ಟೋ ಕೆರೆಗಳಿಗೆ ಬಂತು. ನಮ್ಮ ಕುಂಟೆಗೆ ಈಗಲೂ ಮಳೆಯೇ ಗತಿ.

ಮೊದಲು ಕಾಗದಪತ್ರ ಹುಡುಕಿದೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ 10ನೇ ಸಂಪುಟ ಕೋಲಾರ ಜಿಲ್ಲೆಯದು, 1905ರದ್ದು. ಕೆರೆ ಕಟ್ಟಿಸಿದವರಿಗೆ ಜಮೀನು ಬಿಟ್ಟುಕೊಟ್ಟ ಶಾಸನಗಳು ಅದರಲ್ಲಿವೆ. ಕುಂಟೆಯ ಸುದ್ದಿ ಇಲ್ಲ. ಇರುತ್ತೆ ಅಂದುಕೊಂಡೂ ಇರಲಿಲ್ಲ ಬಿಡಿ. ಕೈಹಿಡಿದದ್ದು ಸರ್ವೆ ದಾಖಲೆ. ಗ್ರಾಮ ನಕ್ಷೆಯಲ್ಲಿ ಕುಂಟೆಯ ಗೆರೆ, ಆಕಾರಬಂದಿನಲ್ಲಿ (ಸರ್ವೆ ನಂಬರುಗಳ ಲೆಕ್ಕದ ಪಟ್ಟಿ) ವಿಸ್ತೀರ್ಣ, ಪಕ್ಕದಲ್ಲಿ ‘ಬಿ ಖರಾಬು’. ಅಂದರೆ ಊರಿನ ಬಳಕೆಯ ಜಾಗ, ಯಾರ ಸ್ವಂತದ್ದೂ ಅಲ್ಲ. ಮೊಬೈಲಿನಲ್ಲಿ ಸರ್ಕಾರದ ಸರ್ವೆ ನಕ್ಷೆಯ ಆ್ಯಪ್ ದಿಶಾಂಕ್ ತೆರೆದು ದಂಡೆ ಸುತ್ತಿದರೆ ಬೇಲಿ ಎಲ್ಲಿ ಒಳಗೆ ಸರಿದಿದೆ ಅಂತ ಅಂದಾಜು ಸಿಗುತ್ತೆ. ಅದನ್ನೇ ನಂಬಿ ಜಗಳಕ್ಕೆ ಹೋಗಬೇಡಿ, ಮೊಬೈಲು ಹೆಚ್ಚುಕಮ್ಮಿ ತೋರಿಸುತ್ತೆ.

ಇನ್ನು ಜನ. ‘ಕುಂಟೆಯ ಚರಿತ್ರೆ ಹೇಳಿ’ ಅಂದರೆ ‘ಯಾವುದೋ ಪಾಳೇಗಾರರ ಕಾಲದ್ದು’ ಅಂತ ಮುಗಿಸಿಬಿಡುತ್ತಾರೆ. ಕೆಲಸ ಹಿಡಿದು ಕೇಳಬೇಕು. ಎತ್ತು ಎಲ್ಲಿ ಇಳಿಸ್ತಿದ್ರಿ? ಗೋಡು ಯಾವಾಗ ಹೊಡೀತಿದ್ರಿ? ಆಗ ಬಾಯಿ ಬಿಡುತ್ತಾರೆ. ಬೇಸಿಗೆಯಲ್ಲಿ ನೀರು ಬತ್ತಿದ ಮೇಲೆ ಗಾಡಿ ಕಟ್ಟಿ ಗೋಡನ್ನು, ಅಂದರೆ ತಳದ ಹೂಳುಮಣ್ಣನ್ನು, ಹೊಲಕ್ಕೆ ಹೊಡೆಯುತ್ತಿದ್ದರಂತೆ. ಹೊಲಕ್ಕೆ ಗೊಬ್ಬರವೂ ಆಯಿತು, ಕುಂಟೆಯ ಹೂಳೂ ಹೋಯಿತು. ಚೀಲದ ಗೊಬ್ಬರ ಬಂದ ಮೇಲೆ ಗಾಡಿ ನಿಂತವು, ಹೂಳು ಉಳಿಯಿತು.

ಒಬ್ಬ ಅಜ್ಜಿಯನ್ನು ದಂಡೆಗೇ ಕರೆದುಕೊಂಡು ಹೋದೆ. ಜೊಂಡಿನ ಸಂದಿಯಲ್ಲಿ ಒಗೆಯೋ ಕಲ್ಲುಗಳ ಸಾಲು ಇನ್ನೂ ಇದೆ, ನಡು ಸವೆದು ತಗ್ಗಾಗಿದೆ. ಅಜ್ಜಿ ಅದರ ಹತ್ತಿರ ಹೋಗಲಿಲ್ಲ. ಆಚೆ ಮೂಲೆ ತೋರಿಸಿ, “ನಮ್ದು ಅಲ್ಲಿ ಕಣಪ್ಪ. ಈ ಕಲ್ಲು ನಾವು ಮುಟ್ಟಂಗಿರಲಿಲ್ಲ” ಅಂದರು. ಆ ಮೂಲೆಯಲ್ಲಿ ಕಲ್ಲೇ ಇಲ್ಲ. ಬರೀ ಮಣ್ಣಿನ ಇಳಿಜಾರು.

ಇದನ್ನ ಬರೀಬೇಡ, ಊರ ಮಾನ ಹೋಗುತ್ತೆ ಅಂತ ಕೆಲವರು ತಡೆದರು. ಗೌರಿ ಬಿಡೋದು, ಹುಡುಗರ ಈಜು, ಮೀನಿನ ಹರಾಜು ಎಲ್ಲ ಬರೆದು ಇದೊಂದನ್ನು ಬಿಟ್ಟರೆ ಹೇಗೆ, ಅಲ್ವಾ? ಬರೆದೆ. ನಾನು ಹಾಕಿದ ನಕ್ಷೆಯಲ್ಲೂ ಎರಡು ಮೂಲೆಗಳನ್ನೂ ಗುರುತು ಮಾಡಿದೆ.

ಒಂದು ಪ್ರತಿ ಪಂಚಾಯಿತಿಗೆ ಕೊಟ್ಟಿದ್ದೇನೆ. ಒತ್ತುವರಿ ಅಳೆಯೋಕೆ ಅರ್ಜಿಯೂ ಹಾಕಿದ್ದೇವೆ. ಸರ್ವೆಯರ್ ಇನ್ನೂ ಬರಬೇಕು.