ಇನ್‌ವೈಟ್ ಸಿಕ್ಕಿತು, ಮುಂದೇನು? ಹೊಸ ಇಮೇಲ್ ಖಾತೆ ಶುರು ಮಾಡುವ ಬಗೆ

ಹೊಸ ಇಮೇಲ್ ಸೇವೆ ಬಂದಿದೆ, ಆದರೆ ಯಾರಾದರೂ ಕರೆದರೆ ಮಾತ್ರ ಒಳಗೆ ಬಿಡ್ತಾರೆ. ಇದೇನೂ ಹೊಸ ತಂತ್ರ ಅಲ್ಲ. 2004ರ ಏಪ್ರಿಲ್ 1ರಂದು ಜಿಮೇಲ್ ಬಂದದ್ದೂ ಹೀಗೇ. ಹಾಟ್‌ಮೇಲ್ 2 ಎಂಬಿ, ಯಾಹೂ 4 ಎಂಬಿ ಜಾಗ ಕೊಡುತ್ತಿದ್ದ ಕಾಲದಲ್ಲಿ ಇವರು 1 ಜಿಬಿ ಅಂದಾಗ ತುಂಬಾ ಜನ ಅದನ್ನು ಏಪ್ರಿಲ್ ಫೂಲ್ ಅಂದುಕೊಂಡರು. ಆಮೇಲೆ ಅದೇ ಇನ್‌ವೈಟ್‌ಗಳನ್ನು ಇಬೇ ಎಂಬ ಹರಾಜು ವೆಬ್‌ಸೈಟ್‌ನಲ್ಲಿ ದುಡ್ಡು ಕೊಟ್ಟು ಕೊಂಡರು! 2007ರಲ್ಲಿ ಜಿಮೇಲ್ ಇನ್‌ವೈಟ್ ಇಲ್ಲದೇ ಎಲ್ಲರಿಗೂ ಪುಕ್ಕಟೆ ಸಿಕ್ಕಿತು. ಪ್ರೋಟಾನ್‌ಮೇಲ್ ಎಂಬ ಇನ್ನೊಂದು ಇಮೇಲ್ ಸೇವೆ 2014ರಲ್ಲಿ ಇದೇ ರೀತಿ ಶುರುವಾಗಿ 2016ರಲ್ಲಿ ಎಲ್ಲರಿಗೂ ತೆರೆಯಿತು. ಹಾಗಾಗಿ ಮೊದಲ ಮಾತು: ಇನ್‌ವೈಟ್‌ಗೆ ದುಡ್ಡು ಕೊಡಬೇಡಿ. ವೇಟಿಂಗ್ ಲಿಸ್ಟ್‌ನಲ್ಲಿ ಹೆಸರು ಹಾಕಿ, ಒಳಗಿರುವ ಪರಿಚಯದವರನ್ನು ಕೇಳಿ, ಸಿಗದಿದ್ದರೆ ಸುಮ್ನೆ ಕಾಯಿರಿ.

ಇನ್‌ವೈಟ್ ಬಂದ ಕೂಡಲೇ ಲಿಂಕ್ ಒತ್ತಬೇಡಿ. ಎಲ್ಲರೂ ಕಾಯುತ್ತಿರುವ ಸೇವೆ ಅಂದರೆ ಮೋಸಗಾರರಿಗೆ ಹಬ್ಬ. ಲಿಂಕ್ ಯಾವ ವಿಳಾಸಕ್ಕೆ ಹೋಗುತ್ತಿದೆ ಅಂತ ಅಕ್ಷರ ಅಕ್ಷರ ನೋಡಿ. ಕಳಿಸಿದ್ದು ಸ್ನೇಹಿತರಾದರೆ ಫೋನ್ ಮಾಡಿ ಕೇಳಿ. ಸೈನ್ ಅಪ್ ಮಾಡುವಾಗ ನಿಮ್ಮ ಹಳೆಯ ಇಮೇಲ್‌ನ ಪಾಸ್‌ವರ್ಡ್ ಕೇಳಿದರೆ ಅಲ್ಲೇ ನಿಲ್ಲಿಸಿ. ಹೊಸ ಖಾತೆ ತೆರೆಯಲು ಅದು ಬೇಕಾಗುವುದೇ ಇಲ್ಲ. ಹಾಗಂತ ಜಾಸ್ತಿ ದಿನ ಇಟ್ಟುಕೊಂಡು ಕೂರಬೇಡಿ, ಇಂಥ ಲಿಂಕ್‌ಗಳು ಸಾಮಾನ್ಯವಾಗಿ ಒಂದೇ ಸಲ ಕೆಲಸ ಮಾಡುತ್ತವೆ, ಕೆಲವಕ್ಕೆ ಗಡುವೂ ಇರುತ್ತದೆ.

ಈಗ ಹೆಸರು. ಬೇಗ ಒಳಗೆ ಹೋದವರಿಗೆ ಸಿಗುವ ನಿಜವಾದ ಲಾಭ ಇದೊಂದೇ ಅಂತ ನನ್ನ ಲೆಕ್ಕ: ಹೆಸರಿನ ಹಿಂದೆ ನಾಲ್ಕು ಅಂಕಿ ಅಂಟಿಸದೇ ಒಳ್ಳೆಯ ವಿಳಾಸ ಸಿಗುತ್ತದೆ. ಆದರೆ ಆ ಖುಷಿಯಲ್ಲಿ ತಲೆಗೆ ಬಂದದ್ದನ್ನು ಟೈಪ್ ಮಾಡಿಬಿಡಬೇಡಿ, ಯಾಕಂದ್ರೆ ಬಹಳಷ್ಟು ಕಡೆ ವಿಳಾಸವನ್ನು ಆಮೇಲೆ ಬದಲಿಸಲು ಬಿಡುವುದಿಲ್ಲ. ಹುಟ್ಟಿದ ವರ್ಷ ಹಾಕಬೇಡಿ, ಅದನ್ನು ಊರಿಗೆಲ್ಲ ಹೇಳುವ ಅಗತ್ಯ ಏನಿದೆ? ಈಗಿನ ಕಂಪನಿ ಹೆಸರೂ ಬೇಡ, ನಾಳೆ ಕೆಲಸ ಬಿಡ್ತೀರಿ. ತಮಾಷೆಯ ಅಡ್ಡಹೆಸರು ಬೇಕೇ ಬೇಕು ಅನ್ನಿಸಿದರೆ, ಕೆಲಸಕ್ಕೆ ಅರ್ಜಿ ಹಾಕುವಾಗ ಅದನ್ನು ಬರೆಯಲು ಮುಜುಗರ ಆಗುತ್ತದಾ ಅಂತ ಯೋಚಿಸಿ. ನಾನು ಹೇಳುವ ಪರೀಕ್ಷೆ ಸುಲಭ. ಫೋನಿನಲ್ಲಿ ಒಬ್ಬರಿಗೆ ಆ ವಿಳಾಸ ಹೇಳಿ, ಅವರು ಬರೆದುಕೊಂಡದ್ದನ್ನು ಓದಿಸಿ. ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಹಾಗಾಗಿ ಯಾವ ಅಕ್ಷರ ಒಂದು, ಯಾವುದು ಎರಡು ಅಂತ ಜೀವನಪೂರ್ತಿ ವಿವರಿಸುತ್ತಾ ಇರಬೇಕಾಗದ ಹೆಸರು ಒಳ್ಳೆಯದು. ಚುಕ್ಕಿಯ ವಿಷಯದಲ್ಲೂ ಎಚ್ಚರ. ಜಿಮೇಲ್ ವಿಳಾಸದ ನಡುವಿನ ಚುಕ್ಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಚುಕ್ಕಿ ಇದ್ದರೂ ಇಲ್ಲದಿದ್ದರೂ ಅದು ನಿಮ್ಮದೇ. ಎಲ್ಲ ಸೇವೆಗಳೂ ಹಾಗಲ್ಲ. ಕೆಲವು ಕಡೆ ಚುಕ್ಕಿ ಇರುವ ವಿಳಾಸ ನಿಮ್ಮದು, ಇಲ್ಲದ್ದು ಬೇರೆ ಯಾರದ್ದೋ ಆಗಿರಬಹುದು, ಯಾರಾದರೂ ಚುಕ್ಕಿ ಬಿಟ್ಟು ಬರೆದರೆ ನಿಮ್ಮ ಪತ್ರ ಅವರಿಗೆ ಹೋಗುತ್ತದೆ.

ಪಾಸ್‌ವರ್ಡ್ ಉದ್ದವಾಗಿರಲಿ, ಬೇರೆಲ್ಲೂ ಬಳಸಿರಬಾರದು. ಇದು ಗೊತ್ತಿರುವುದೇ. ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವುದು) ಇದ್ದರೆ ಮೊದಲ ದಿನವೇ ಆನ್ ಮಾಡಿ. ಎಸ್ಸೆಮ್ಮೆಸ್‌ಗಿಂತ ಅಥೆಂಟಿಕೇಟರ್, ಅಂದರೆ ಫೋನಿನಲ್ಲೇ ಕೋಡ್ ತಯಾರಿಸುವ ಆ್ಯಪ್ ವಾಸಿ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿಯ ಕೋಡ್ ಬರುತ್ತದೆ, ಅದಕ್ಕೆ ನೆಟ್‌ವರ್ಕ್ ಕೂಡ ಬೇಕಿಲ್ಲ. ಜೊತೆಗೆ, ಫೋನ್ ಕೈಕೊಟ್ಟಾಗ ಬಳಸಲು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ. ಅದೇ ಇನ್‌ಬಾಕ್ಸ್‌ನಲ್ಲಿ ಇಟ್ಟರೆ ಏನು ಪ್ರಯೋಜನ, ಕೀಲಿಯನ್ನು ಮನೆಯೊಳಗಿಟ್ಟು ಬೀಗ ಹಾಕಿದ ಹಾಗೆ. ಇನ್ನೊಂದು ವಿಷಯ ಹೆಚ್ಚಿನವರು ಗಮನಿಸುವುದಿಲ್ಲ. ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ (ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದ ಹಾಗೆ ಪತ್ರಕ್ಕೆ ಬೀಗ ಹಾಕುವುದು) ಇರುವ ಸೇವೆಗಳಲ್ಲಿ ಪಾಸ್‌ವರ್ಡ್ ಮರೆತು ರೀಸೆಟ್ ಮಾಡಿದರೆ ಖಾತೆ ಸಿಗಬಹುದು, ಆದರೆ ಹಳೆಯ ಪತ್ರಗಳು ತೆರೆಯದೇ ಹೋಗಬಹುದು. ಕಂಪನಿಯವರ ಹತ್ತಿರವೂ ಕೀಲಿ ಇರುವುದಿಲ್ಲ, ಅದೇ ಅಲ್ವಾ ಅವರ ಹೆಗ್ಗಳಿಕೆ. ಅಲ್ಲಿ ರಿಕವರಿ ಕೀ ಅಂತ ಕೊಟ್ಟರೆ ಅದನ್ನು ಜೋಪಾನ ಮಾಡಲೇಬೇಕು.

ಒಳಗೆ ಹೋದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಜಾಸ್ತಿ ಹೊತ್ತು ಕಳೆಯಬೇಕಿಲ್ಲ. ನೀವು ಕಳಿಸುವ ಪತ್ರದಲ್ಲಿ ಕಾಣುವ ನಿಮ್ಮ ಹೆಸರು ಸರಿಯಿದೆಯಾ ನೋಡಿ, ಚಿತ್ರಗಳು ತಾವಾಗಿಯೇ ತೆರೆಯುವುದನ್ನು ಆಫ್ ಮಾಡಿ (ನೀವು ಪತ್ರ ಯಾವಾಗ ಓದಿದಿರಿ ಅಂತ ತಿಳಿಯಲು ಕಣ್ಣಿಗೆ ಕಾಣದ ಚಿತ್ರ ಸೇರಿಸಿ ಕಳಿಸುವವರು ಬೇಕಾದಷ್ಟು ಜನ ಇದ್ದಾರೆ), ಕಳಿಸಿದ್ದನ್ನು ಕೆಲವು ಸೆಕೆಂಡ್ ಒಳಗೆ ವಾಪಸ್ ತೆಗೆದುಕೊಳ್ಳುವ ಸೌಲಭ್ಯ ಇದ್ದರೆ ಅದನ್ನು ಆನ್ ಮಾಡಿ. ಅಷ್ಟು ಸಾಕು. ಬಣ್ಣ, ಥೀಮ್ ಎಲ್ಲ ಆಮೇಲೆ.

ಇದಕ್ಕಿಂತ ಮುಖ್ಯ ಪರೀಕ್ಷೆ. ಹೊಸ ಖಾತೆಯಿಂದ ನಿಮ್ಮ ಹಳೆಯ ಖಾತೆಗೊಂದು ಪತ್ರ ಕಳಿಸಿ, ಬೇರೆ ಬೇರೆ ಸೇವೆ ಬಳಸುವ ಸ್ನೇಹಿತರಿಗೂ ಕಳಿಸಿ, ಸ್ಪ್ಯಾಮ್ ಫೋಲ್ಡರ್ ನೋಡಲು ಹೇಳಿ. ಹೊಸ ಡೊಮೇನ್‌ನಿಂದ (ವಿಳಾಸದಲ್ಲಿ @ ಆದಮೇಲೆ ಬರುವ ಭಾಗ) ಬಂದ ಪತ್ರವನ್ನು ದೊಡ್ಡ ಸೇವೆಗಳು ಅನುಮಾನದಿಂದ ನೋಡುವುದು ಇದೆ. ಸ್ಪ್ಯಾಮ್‌ಗೆ ಬಿದ್ದಿದ್ದರೆ ಅವರು ಅದನ್ನು ಹೊರಗೆ ತೆಗೆದು ಉತ್ತರ ಬರೆಯಲಿ, ಮುಂದಿನ ಸಲ ಇನ್‌ಬಾಕ್ಸ್‌ಗೆ ಬರುವ ಸಾಧ್ಯತೆ ಹೆಚ್ಚುತ್ತದೆ. ಒಂದು ದೊಡ್ಡ ಫೈಲ್ ಕೂಡ ಕಳಿಸಿ ನೋಡಿ. ಇಮೇಲ್‌ನಲ್ಲಿ ಹೋಗುವಾಗ ಫೈಲ್ ಅಕ್ಷರರೂಪಕ್ಕೆ ಬದಲಾಗುತ್ತದೆ, ಆಗ ಗಾತ್ರ ಸುಮಾರು ಮೂರನೇ ಒಂದು ಭಾಗ ಹಿಗ್ಗುತ್ತದೆ. 25 ಎಂಬಿ ಮಿತಿ ಅಂದರೆ ಕೈಯಲ್ಲಿರುವ ಫೈಲ್ 18 ಎಂಬಿ ಆಸುಪಾಸು ಇದ್ದರೆ ಕ್ಷೇಮ.

ಹಳೆಯ ಪತ್ರಗಳನ್ನೆಲ್ಲ ಹೊಸ ಕಡೆ ತುಂಬಬೇಕಾ? ನನ್ನ ಪ್ರಕಾರ ಬೇಡ, ಕನಿಷ್ಠ ಈಗಲೇ ಬೇಡ. ಕಾಂಟ್ಯಾಕ್ಟ್‌ಗಳನ್ನು ಸಿಎಸ್‌ವಿ ಅಥವಾ ವಿಕಾರ್ಡ್ ಫೈಲ್ (ಬಹಳಷ್ಟು ಸೇವೆಗಳು ಓದಬಲ್ಲ ಪಟ್ಟಿ) ಮಾಡಿ ತನ್ನಿ. ಹಳೆಯ ಖಾತೆಯಿಂದ ಹೊಸದಕ್ಕೆ ಫಾರ್ವರ್ಡ್ ಹಾಕಿ, ಆದರೆ ಪ್ರತಿಯೊಂದು ಪತ್ರದ ಒಂದು ಪ್ರತಿ ಹಳೆಯ ಖಾತೆಯಲ್ಲೂ ಉಳಿಯುವ ಹಾಗೆ ಆಯ್ಕೆ ಮಾಡಿ. ಜಿಮೇಲ್‌ನಲ್ಲಿ ಇದು ಉಚಿತ, ಯಾಹೂ 2021ರಿಂದ ಉಚಿತ ಖಾತೆಗಳಿಗೆ ಇದನ್ನು ನಿಲ್ಲಿಸಿದೆ. ಫಾರ್ವರ್ಡ್ ಆಗಿ ಬಂದ ಪತ್ರಗಳಿಗೆ ಒಂದು ಫಿಲ್ಟರ್ ಹಾಕಿ ಬೇರೆ ಲೇಬಲ್ ಕೊಟ್ಟರೆ, ಯಾರ್ಯಾರು ಇನ್ನೂ ಹಳೆಯ ವಿಳಾಸಕ್ಕೇ ಬರೆಯುತ್ತಿದ್ದಾರೆ ಅನ್ನುವುದು ಕಣ್ಣಿಗೆ ಕಾಣುತ್ತದೆ, ಒಬ್ಬೊಬ್ಬರಿಗೇ ತಿಳಿಸುತ್ತಾ ಹೋಗಬಹುದು.

ಮೊದಲು ಸ್ನೇಹಿತರಿಗೆ ಹೊಸ ವಿಳಾಸ ಕೊಡಿ, ಆಮೇಲೆ ಸುದ್ದಿಪತ್ರ, ಅಂಗಡಿಗಳಿಗೆ. ಬ್ಯಾಂಕ್, ತೆರಿಗೆ, ವಿಮೆ ಇವೆಲ್ಲ ಕೊನೆಗೆ, ಅದೂ ಸೇವೆ ಎಲ್ಲರಿಗೂ ತೆರೆದು ಒಂದಷ್ಟು ಕಾಲ ನೆಟ್ಟಗೆ ನಡೆದ ಮೇಲೆ. ಇನ್‌ವೈಟ್ ಹಂತದಲ್ಲಿ ಭಾರೀ ಸದ್ದು ಮಾಡಿದವೂ ಮುಚ್ಚಿವೆ. 2014ರಲ್ಲಿ ಇನ್‌ವೈಟ್ ಮೂಲಕ ಬಂದ ಗೂಗಲ್‌ನ ಇನ್‌ಬಾಕ್ಸ್ ಆ್ಯಪ್ 2019ರಲ್ಲಿ ನಿಂತಿತು. ಅದು ಜಿಮೇಲ್ ಮೇಲೆ ಕೂತಿದ್ದರಿಂದ ಯಾರ ಪತ್ರವೂ ಕಳೆಯಲಿಲ್ಲ. ವಿಳಾಸವೇ ಆ ಸೇವೆಯದ್ದಾಗಿದ್ದರೆ ಕಥೆ ಬೇರೆ. ಅದಕ್ಕೇ ಒಳಗೆ ಹೋದ ದಿನವೇ ಹೊರಗೆ ಬರುವ ದಾರಿ ನೋಡಿಟ್ಟುಕೊಳ್ಳಿ: ಐಮ್ಯಾಪ್ (ಬೇರೆ ಇಮೇಲ್ ಆ್ಯಪ್‌ನಿಂದಲೂ ಪತ್ರ ತೆರೆಯುವ ವ್ಯವಸ್ಥೆ) ಇದೆಯಾ, ಪತ್ರಗಳನ್ನೆಲ್ಲ ಎಂಬಾಕ್ಸ್ ಫೈಲ್ (ಪತ್ರಗಳನ್ನು ಒಟ್ಟಿಗೆ ಕಟ್ಟಿಡುವ ಫೈಲ್) ಆಗಿ ಇಳಿಸಿಕೊಳ್ಳಬಹುದಾ? 2020ರಲ್ಲಿ ಇನ್‌ವೈಟ್ ಮೂಲಕ ಶುರುವಾದ ‘ಹೇ’ (Hey) ಎಂಬ ಇಮೇಲ್ ಸೇವೆಯಲ್ಲಿ ಐಮ್ಯಾಪ್ ಇಲ್ಲ, ಆದರೆ ಎಂಬಾಕ್ಸ್‌ನಲ್ಲಿ ಇಳಿಸಿಕೊಳ್ಳಲು ಬಿಡುತ್ತಾರೆ. ಎರಡೂ ಇಲ್ಲದಿದ್ದರೆ ನಾನಾದರೆ ಆ ಖಾತೆಯನ್ನು ಬರೀ ಆಟಕ್ಕೆ ಇಟ್ಟುಕೊಳ್ಳುತ್ತೇನೆ. ಜೊತೆಗೆ ಸೇವೆಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತಲೂ ಓದಿ, ಜಾಹೀರಾತಾ, ಚಂದಾನಾ? ಎಲ್ಲೂ ಬರೆದಿಲ್ಲ ಅಂದರೆ ಅದೂ ಒಂದು ಉತ್ತರವೇ.

ಹಳೆಯ ಖಾತೆಯನ್ನು ಅಳಿಸಬೇಡಿ, ಆಗಾಗ ಲಾಗಿನ್ ಆಗಿ. ಗೂಗಲ್ 2 ವರ್ಷ ಬಳಸದ ಖಾತೆಗಳನ್ನು ಅಳಿಸಬಹುದು ಅಂತ ನಿಯಮ ಮಾಡಿದೆ. ಹೊಸ ಖಾತೆಗೆ ಹಳೆಯದು ರಿಕವರಿ ಇಮೇಲ್ (ಪಾಸ್‌ವರ್ಡ್ ಮರೆತಾಗ ನೆರವಿಗೆ ಬರುವ ವಿಳಾಸ) ಆಗಿರಲಿ, ಆದರೆ ಹಳೆಯದಕ್ಕೆ ಹೊಸದನ್ನೇ ಕೊಡಬೇಡಿ. ಎರಡೂ ಒಟ್ಟಿಗೆ ಕೈಕೊಟ್ಟರೆ ಯಾವುದೂ ತೆರೆಯುವುದಿಲ್ಲ.

ಸ್ವಲ್ಪ ದಿನದಲ್ಲಿ ನಿಮಗೂ ಕೆಲವು ಇನ್‌ವೈಟ್ ಸಿಗಬಹುದು. ಕೇಳಿದವರಿಗೆಲ್ಲ ಹಂಚಬೇಡಿ. ಯಾರು ಯಾರನ್ನು ಕರೆದರು ಅನ್ನುವ ದಾಖಲೆ ಸೇವೆಯ ಬಳಿ ಇರುವ ಸಾಧ್ಯತೆ ಇದೆ, ನೀವು ಕರೆತಂದವರು ಸ್ಪ್ಯಾಮ್ ಕಳಿಸಿದರೆ ನಿಮ್ಮ ಖಾತೆಯ ಮೇಲೂ ಕಣ್ಣು ಬೀಳಬಹುದು. ಮೊದಲನೆಯದನ್ನು ನೀವು ಹೆಚ್ಚು ಪತ್ರ ಬರೆಯುವವರಿಗೇ ಕೊಡಿ. ಎನ್‌ಕ್ರಿಪ್ಷನ್ ಇರುವ ಸೇವೆಯಾದರೆ ಅದರ ಪೂರ್ತಿ ಲಾಭ ಸಿಗುವುದು ಎರಡೂ ತುದಿಯಲ್ಲಿ ಅದೇ ಸೇವೆ ಇದ್ದಾಗ. ಒಂದು ಕಡೆ ಮಾತ್ರ ಇದ್ದರೆ, ಪತ್ರ ಆ ಕಡೆಯವರ ಸರ್ವರ್‌ನಲ್ಲಿ ಸಾಮಾನ್ಯವಾಗಿ ಎಂದಿನ ಹಾಗೆ ತೆರೆದೇ ಇರುತ್ತದೆ.