ಫೈರ್‌ಮನ್ ಫಿಸಿಕಲ್‌ಗೆ ನಾನು ತಯಾರು ಮಾಡುವ ರೀತಿ

ಅಗ್ನಿಶಾಮಕ ಕೆಲಸಕ್ಕೆ ಸೇರಬೇಕು ಅಂತ ಬರುವ ಹುಡುಗ ಹುಡುಗಿಯರನ್ನು ಫಿಸಿಕಲ್ ಪರೀಕ್ಷೆಗೆ ತಯಾರು ಮಾಡುವುದು ನನ್ನ ಕೆಲಸ. ಬಂದವರೆಲ್ಲ ಮೊದಲು ಕೇಳುವುದು, "ಎಷ್ಟು ಕೆಜಿ ಎತ್ತಬೇಕು ಸರ್?" ನನ್ನ ಕಣ್ಣು ಮಾತ್ರ ಅವರ ಉಸಿರಿನ ಮೇಲೆ.

ನಾನು ಹಿಡಿದಿರುವುದು ಅಮೆರಿಕ, ಕೆನಡಾಗಳಲ್ಲಿ ಬಳಸುವ ಸಿಪಿಎಟಿ ಮಾದರಿ, ಅಂದರೆ ಅಗ್ನಿಶಾಮಕ ಕೆಲಸಕ್ಕೆ ಬರುವವರ ಮೈಶಕ್ತಿ ಅಳೆಯುವ ಪರೀಕ್ಷೆ. ಒಂದರ ಹಿಂದೆ ಒಂದು ಎಂಟು ಕೆಲಸ, 10 ನಿಮಿಷ 20 ಸೆಕೆಂಡಿನೊಳಗೆ ಮುಗಿಸಬೇಕು. ಮೈಮೇಲೆ ಸುಮಾರು 22.7 ಕೆಜಿಯ ಜಾಕೆಟ್. ಮೊದಲನೆಯದೇ ಮೆಟ್ಟಿಲು, ಅಲ್ಲಿ ಹೆಗಲಿಗೆ ಇನ್ನೂ 11 ಕೆಜಿ ಜಾಸ್ತಿ. ನಿಮಿಷಕ್ಕೆ 60 ಮೆಟ್ಟಿಲಿನಂತೆ 3 ನಿಮಿಷ ಹತ್ತಬೇಕು, ಕಂಬಿಗೆ ಆತುಕೊಳ್ಳುವ ಹಾಗಿಲ್ಲ. ಇಳಿದಾಗ ತೊಡೆ ನಡುಗುತ್ತಿರುತ್ತದೆ, ಬಾಯಿ ಒಣಗಿರುತ್ತದೆ. ಪೈಪ್ ಎಳೆಯುವುದು, ಗರಗಸ ಹೊರುವುದು, ಏಣಿ ನಿಲ್ಲಿಸುವುದು, ಸುತ್ತಿಗೆ ಬೀಸುವುದು ಎಲ್ಲ ಆ ಮೈಯಲ್ಲೇ ಆಗಬೇಕು. ಅದಕ್ಕೇ ಒಂದು ಕೆಲಸಕ್ಕೆ ಕೈ ಪಳಗಿತು ಅನ್ನಿಸಿದ ಮೇಲೆ, ಮೆಟ್ಟಿಲು ಹತ್ತಿಸದೆ ಅದನ್ನು ಮಾಡಿಸುವುದಿಲ್ಲ.

ಒಂದು ಕೆಲಸದಿಂದ ಇನ್ನೊಂದಕ್ಕೆ ಸುಮಾರು 26 ಮೀಟರ್ ದೂರ. ಓಡುವಂತಿಲ್ಲ, ನಡೆದೇ ಹೋಗಬೇಕು. 20 ಸೆಕೆಂಡು ಸಿಗುತ್ತದೆ. ಇಡೀ ಪರೀಕ್ಷೆಯಲ್ಲಿ ಸಿಗುವ ವಿಶ್ರಾಂತಿ ಅಂದರೆ ಇದೇ. ಹೆಚ್ಚಿನವರು ಇದನ್ನು ಸುಮ್ನೆ ಕಳೆಯುತ್ತಾರೆ, ಮುಂದಿನದನ್ನು ನೆನೆದು ಗಾಬರಿಯಾಗುತ್ತಾರೆ. ನಾನು ನಡಿಗೆಯನ್ನೇ ಪ್ರತ್ಯೇಕ ಅಭ್ಯಾಸ ಮಾಡಿಸುತ್ತೇನೆ: ಕೈ ಜೋತು ಬಿಡು, ಬೆರಳು ಬಿಚ್ಚಿ ಕೊಡವು, ಮೂಗಿನಿಂದ ಎಳೆದು ಬಾಯಿಂದ ನಿಧಾನ ಬಿಡು. ಕೇಳಿದವರು ನಗುತ್ತಾರೆ, ನಡೆಯೋದಕ್ಕೂ ಟ್ರೈನಿಂಗಾ ಅಂತ. ಸುತ್ತಿಗೆ ಹಿಡಿಯುವ ಹೊತ್ತಿಗೆ ನಗು ನಿಂತಿರುತ್ತದೆ.

ತೋಳಿಗಿಂತ ಮೊದಲು ಸೋಲುವುದು ಹಿಡಿತ. ಗ್ಲೌಸ್ ಹಾಕಿಕೊಂಡು ಕಂಬಿಗೆ ಜೋತು ಬೀಳುವುದು, ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದು, ಇವೆರಡೇ ಸಾಕು. ಏಣಿಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಹಗ್ಗ ಎಳೆದು ಏಣಿ ಮೇಲೇರಿಸುವುದು ಸುಲಭ. ಇಳಿಸುವಾಗ ಒಂದೊಂದೇ ಕೈ ಬದಲಿಸುತ್ತಾ ಹಗ್ಗ ಬಿಡಬೇಕು, ಜಾರಿಸಿದರೆ ಫೇಲು.

ಗಾಯಾಳುವಿನ ಬದಲಿಗೆ ಇಟ್ಟ ಬೊಂಬೆ ಎಳೆಯುವುದಕ್ಕೆ ಎಲ್ಲರೂ ಹೆದರುತ್ತಾರೆ. ಅದರ ತೂಕ 75 ಕೆಜಿ. 50 ಕೆಜಿ ಕೂಡ ತೂಗದ ಹುಡುಗಿಯೊಬ್ಬಳು ಬಗ್ಗಿ ಎಳೆದಳು, ಬೊಂಬೆ ಅಲುಗಲಿಲ್ಲ. ಬೊಂಬೆಯ ಹೆಗಲಿನ ಎರಡೂ ಪಟ್ಟಿ ಹಿಡಿ, ಕೈ ನೇರ ಇರಲಿ, ಸೊಂಟ ತಗ್ಗಿಸಿ ಕುರ್ಚಿಗೆ ಕೂರುವ ಹಾಗೆ ಹಿಂದಕ್ಕೆ ವಾಲು ಅಂದೆ. ಮೊದಲ ಕದಲಿಕೆಗೇ ಕಷ್ಟ, ಆಮೇಲೆ ಚಿಕ್ಕ ಚಿಕ್ಕ ಹೆಜ್ಜೆ. ದಾರಿಯಲ್ಲಿಟ್ಟ ಡ್ರಮ್ ಸುತ್ತಿ ಬರುವಾಗ ಸ್ವಲ್ಪ ಅಗಲವಾಗಿ ತಿರುಗಿದಳು, ನಿಲ್ಲಲಿಲ್ಲ. ಜಾಣೆ. ನಿಂತರೆ ಮತ್ತೆ ಕದಲಿಸಬೇಕಲ್ವಾ?

ಕೊನೆಯದು ಉದ್ದ ಕೊಕ್ಕೆಯಿಂದ ಚಾವಣಿ ಚುಚ್ಚಿ ಎಳೆಯುವುದು. ಇಲ್ಲಿ ಭುಜ ಕೈಕೊಡುತ್ತದೆ, ಮಂಡಿ ಮಡಿಸಿ ಕಾಲಿನಿಂದ ತಳ್ಳಬೇಕು.

ಇನ್ನೂ ಬೆಳೆಯುವ ವಯಸ್ಸಿನವರಿಗೆ ನಾನು ಪೂರ್ತಿ ಭಾರ ಹೊರಿಸುವುದಿಲ್ಲ. ಮೊದಲು ಖಾಲಿ ಮೈಯಲ್ಲಿ ಮೆಟ್ಟಿಲು, ಆಮೇಲೆ ಸ್ವಲ್ಪ ಸ್ವಲ್ಪ ಭಾರ. ಎದೆ ನೋವು, ತಲೆಸುತ್ತು ಅಂದವರು ಡಾಕ್ಟರ್ ಹತ್ತಿರ ಹೋಗಿ ಬರಬೇಕು, ಅದರಲ್ಲಿ ರಾಜಿಯಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಭಾರ ಮುಟ್ಟಲು ಬಿಡುವುದಿಲ್ಲ, ಬರೀ ನಡಿಗೆ. ಹೊಸ ಶೂ ಆ ದಿನ ಬೇಡ ಅಂತ ಎಷ್ಟು ಹೇಳಿದರೂ ಒಬ್ಬರಾದರೂ ಹಾಕಿಕೊಂಡು ಬರುತ್ತಾರೆ.