ತುಕ್ಕಿನ ಕಥೆ ಕೈಬಿಟ್ಟೆ

ಆಕ್ಸಿಡೇಟಿವ್ ಸ್ಟ್ರೆಸ್ ಅಂದರೇನು ಅಂತ ಶುಗರ್‌ನವರು ಕೇಳಿದರೆ, "ರಕ್ತನಾಳಕ್ಕ ತುಕ್ಕು ಹಿಡದಂಗ" ಎಂದು ಹೇಳಿ ಮುಗಿಸುತ್ತಿದ್ದೆ. ಕಲಬುರಗಿಯ ನನ್ನ ಕ್ಲಿನಿಕ್‌ನಲ್ಲಿ ಎಲ್ಲರಿಗೂ ಥಟ್ಟನೆ ತಿಳಿಯುತ್ತಿತ್ತು. ತುಸು ಜಾಸ್ತಿಯೇ ತಿಳಿಯಿತೇನೋ. ದಾಲ್ ಮಿಲ್ಲಿನ ಹಮಾಲರೊಬ್ಬರು ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ಬಿಟ್ಟು, ಆ ತುಕ್ಕು ತಡೆಯುತ್ತದೆನ್ನುವ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲಿನ ಮೂರು ಖಾಲಿ ಪಟ್ಟಿ ಟೇಬಲ್ ಮೇಲಿಟ್ಟರು. "ಸಾಹೇಬ್ರ, ತುಕ್ಕಿನ ಗುಳಗಿ ಮುಗದಾವ್ರಿ." ಅಂಗಿ ಜೇಬಿನಲ್ಲಿ ಬೀಡಿ ಕಟ್ಟು. ಆ ಕ್ಯಾಪ್ಸೂಲು ಬರೆದುಕೊಟ್ಟವನು ನಾನೇ.

ಈಗ ಹೇಳುವ ರೀತಿ ಬೇರೆ. ಇನ್ಸುಲಿನ್ ರಕ್ತನಾಳದ ಒಳಪದರಕ್ಕೆ ಎರಡು ಮಾತು ಹೇಳುತ್ತದೆ. ಒಂದು, ಸಡಿಲಾಗು: ಆಗ ನೈಟ್ರಿಕ್ ಆಕ್ಸೈಡ್ ಹುಟ್ಟಿ, ನಾಳ ಅಗಲವಾಗಿ, ಸ್ನಾಯುವಿಗೆ ರಕ್ತವೂ ಸಕ್ಕರೆಯೂ ಸೇರುತ್ತವೆ. ಇನ್ನೊಂದು, ಬಿಗಿಯಾಗು: ಅದು ಎಂಡೋಥೀಲಿನ್ ಕೆಲಸ. ಏರಿದ ಸಕ್ಕರೆ, ಕೊಬ್ಬು, ಬೀಡಿ ಹೊಗೆಯಿಂದ ಸೂಪರ್‌ಆಕ್ಸೈಡ್ ಎಂಬ ಆಮ್ಲಜನಕದ ಪುಂಡ ಅಣು ಹೆಚ್ಚಿದಾಗ (ಆಕ್ಸಿಡೇಟಿವ್ ಸ್ಟ್ರೆಸ್ ಅಂದರೆ ಇದೇ), ಇನ್ಸುಲಿನ್ ಸುದ್ದಿ ಒಯ್ಯುವ ಐಆರ್‌ಎಸ್-1 ಪ್ರೋಟೀನಿನ ಮೇಲೆ ಕೂರಬಾರದ ಜಾಗದಲ್ಲಿ ಫಾಸ್ಫೇಟ್ ಕೂರುತ್ತದೆ. ಸಡಿಲಾಗುವ ದಾರಿ ಕಟ್ಟುತ್ತದೆ, ಬಿಗಿಯಾಗುವ ದಾರಿ ತೆರೆದೇ ಇರುತ್ತದೆ. "ಒಂದು ಕಿವಿ ಕೆಟ್ಟದ, ಇನ್ನೊಂದು ಚಂದ ಕೇಳ್ತದ" ಅನ್ನುತ್ತೇನೆ. ದೇಹ ಇನ್ಸುಲಿನ್ ಎಷ್ಟು ಸುರಿದರೂ ಕೇಳಿಸುವುದು ಬಿಗಿಯಾಗು ಎಂಬುದೇ.

ಹುಟ್ಟಿದ ಅಷ್ಟಿಷ್ಟು ನೈಟ್ರಿಕ್ ಆಕ್ಸೈಡನ್ನೂ ಸೂಪರ್‌ಆಕ್ಸೈಡ್ ನುಂಗಿ ಪೆರಾಕ್ಸಿನೈಟ್ರೈಟ್ ಎಂಬ ಇನ್ನೊಂದು ಅಣು ಮಾಡುತ್ತದೆ. ಅದು ಬಿಎಚ್4 ಎಂಬ ಸಹಾಯಕ ಅಣುವನ್ನು ಕೆಡಿಸಿತೆಂದರೆ, ನೈಟ್ರಿಕ್ ಆಕ್ಸೈಡ್ ಮಾಡಬೇಕಾದ ಕಿಣ್ವವೇ ಸೂಪರ್‌ಆಕ್ಸೈಡ್ ಮಾಡತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಸೂಪರ್‌ಆಕ್ಸೈಡ್, ನೈಟ್ರಿಕ್ ಆಕ್ಸೈಡ್ ಇವೆರಡರ ಕೂಡಾಟ ಎಷ್ಟು ಚುರುಕೆಂದರೆ, ನುಂಗಿದ ಆಂಟಿಆಕ್ಸಿಡೆಂಟ್ ವಿಟಮಿನ್ ನಡುವೆ ಹೋಗಿ ತಡೆಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. 2000ದಲ್ಲಿ ಬಂದ ಹೋಪ್ ಅಧ್ಯಯನದಲ್ಲಿ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಕೊಟ್ಟರೂ ಹೃದಯಾಘಾತ ಕಡಿಮೆಯಾಗಲಿಲ್ಲ. ಅದು ಗೊತ್ತಿದ್ದೂ ಬರೆಯುತ್ತಿದ್ದೆ. ರೋಗಿಯನ್ನು ಬರಿಗೈಲಿ ಕಳಿಸಲು ಸಂಕೋಚ.

ಸೂಪರ್‌ಆಕ್ಸೈಡ್ ಹಿಡಿಯುವುದಕ್ಕಿಂತ ಅದು ಹುಟ್ಟುವ ಕಡೆಯೇ ಕಡಿಮೆ ಮಾಡಬೇಕು. ಮೊದಲು ಬೀಡಿ. ಬಿಟ್ಟ ಮೆಟ್‌ಫಾರ್ಮಿನ್ ಮತ್ತೆ ಶುರು. ಆಮೇಲೆ ಅಪ್ಪನ ಕೆರೆ ಸುತ್ತ ನಡಿಗೆ, ಬೇಸಿಗೆಯಲ್ಲಾದರೆ ಬಿಸಿಲೇರುವ ಮುಂಚೆ. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ. ಜೋರಾಗಿ ಹರಿಯುವ ರಕ್ತ ನಾಳದ ಗೋಡೆಗೆ ಉಜ್ಜಿ ನೈಟ್ರಿಕ್ ಆಕ್ಸೈಡ್ ಮಾಡುವ ಆ ಕಿಣ್ವವನ್ನು ಎಬ್ಬಿಸುತ್ತದೆ.

"ದಿನಾ ಚೀಲ ಹೊರ್ತೀನಲ್ರಿ, ಮತ್ತ ವಾಕಿಂಗ್ ಯಾಕ್ರಿ?" ಅಂದರು ಹಮಾಲರು. ನ್ಯಾಯವಾದ ಪ್ರಶ್ನೆ. ಕೆದಕಿದರೆ, ತೊಗರಿ ಸೀಜನ್ ಮುಗಿದ ಮೇಲೆ ವಾರಗಟ್ಟಲೆ ಬೇವಿನ ನೆರಳಲ್ಲೇ ಕೂಡುತ್ತಿದ್ದರು, ಬೀಡಿ ಜತೆ.

ಮೊನ್ನೆ ಕೇಳದೆಯೇ ಕಟ್ಟು ಬಿಚ್ಚಿ ತೋರಿಸಿದರು. ಆರು ಉಳಿದಿದ್ದವು. ಕಟ್ಟು ಅವತ್ತಿನದೋ ಮುನ್ನಾದಿನದ್ದೋ, ನಾನೂ ಕೇಳಲಿಲ್ಲ.